ಆಲ್ಟೊಗೆ ಯಾವ ಬ್ಯಾಟರಿ? 35 ಸಾಕಾ, 45 ಬೇಕಾ?

ತುಮಕೂರಿನವನು. 2016ರ ಆಲ್ಟೊ 800 ಇದೆ, ಬ್ಯಾಟರಿಗೆ ನಾಲ್ಕು ವರ್ಷ ಆಯ್ತು. ಬೆಳಗ್ಗೆ ಕೀ ತಿರುಗಿಸಿದರೆ ಕಟಕಟ ಅನ್ನುತ್ತೆ, ಸ್ಟಾರ್ಟ್ ಆಗಲ್ಲ. ಮನೆಯಿಂದ ಸ್ಟೇಷನ್‌ಗೆ ಎರಡು ಕಿಲೋಮೀಟರ್. ಅಲ್ಲಿ ನಿಲ್ಲಿಸಿ ಬೆಂಗಳೂರಿನ ರೈಲು ಹಿಡಿಯುತ್ತೇನೆ. ಒಂದು ಅಂಗಡಿಯವರು 35 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಕರೆಂಟ್ ಹಿಡಿದಿಡುತ್ತೆ ಅನ್ನೋ ಅಳತೆ) ಸಾಕು ಅಂದರು, ಇನ್ನೊಬ್ಬರು 45 ಹಾಕಿಸಿ, ಗಟ್ಟಿ ಅಂದರು. ಹಾಕಿಸಿದವರು ದಯವಿಟ್ಟು ಹೇಳಿ.

ಶಿರಾ ಗೇಟ್‌ನಿಂದ:
ಅಣ್ಣಾ, 45ರ ತಪ್ಪು ನಾನು ಮಾಡಿ ಆಗಿದೆ, ನೀವು ಮಾಡಬೇಡಿ. ಬಾನೆಟ್ ಎತ್ತಿ ಹಳೇ ಬ್ಯಾಟರಿ ಮೇಲಿನ ಧೂಳು ಒರೆಸಿ ನೋಡಿ. 38ಬಿ20 ಅಂತ ಬರೆದು, ಕೊನೆಗೆ ಎಲ್ ಅಥವಾ ಆರ್ ಇರುತ್ತೆ. 38 ಅಂದರೆ ಎಎಚ್ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅಲ್ಲ, ಅದು ಜಪಾನಿನವರ ಲೆಕ್ಕದಲ್ಲಿ ಶಕ್ತಿಯ ದರ್ಜೆ, ಎಎಚ್ 35. ಬಿ ಅನ್ನೋದು ಅಗಲ, ಎತ್ತರದ ಅಳತೆ. 20 ಅಂದರೆ ಉದ್ದ, ಸುಮಾರು 20 ಸೆಂಟಿಮೀಟರ್. ಪ್ಲಸ್ ಯಾವ ಕಡೆ ಬರುತ್ತೆ ಅನ್ನೋದು ಕೊನೆಯ ಅಕ್ಷರ. ಅದು ಉಲ್ಟಾ ಆದರೆ ಕೇಬಲ್ ಎಟುಕೋದಿಲ್ಲ.

45 ಎಎಚ್‌ದು ಸಾಮಾನ್ಯವಾಗಿ ಬಿ24, ನಾಲ್ಕು ಸೆಂಟಿಮೀಟರ್ ಉದ್ದ ಜಾಸ್ತಿ. ನನ್ನ ಗಾಡಿಯಲ್ಲಿ ಟ್ರೇ ದಾಟಿ ಆಚೆ ಬಂತು, ಮೇಲಿನ ಕ್ಲ್ಯಾಂಪ್ ಕೂರಲಿಲ್ಲ. ಮೆಕ್ಯಾನಿಕ್ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿದು ಕಳಿಸಿದರು. ದೇವರಾಯನದುರ್ಗ ಹತ್ತಿ ಇಳಿದು ಬಂದು ಬಾನೆಟ್ ತೆಗೆದರೆ ಟ್ಯೂಬ್ ಜಾರಿ ಬ್ಯಾಟರಿ ವಾಲಿಕೊಂಡಿತ್ತು. ಪ್ಲಸ್ ಟರ್ಮಿನಲ್‌ಗೂ ಪಕ್ಕದ ಕಬ್ಬಿಣಕ್ಕೂ ನಡುವೆ ಒಂದು ಬೆರಳಿನಷ್ಟು ಜಾಗ. ತಗುಲಿದ್ದರೆ ಬೆಂಕಿ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು, ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ. ಮಾರನೇ ದಿನವೇ ವಾಪಸ್ ಕೊಟ್ಟು 35 ಹಾಕಿಸಿದೆ.

ಕೋಲಾರದಿಂದ, ಆಟೋ ಎಲೆಕ್ಟ್ರಿಷಿಯನ್:
ಸರ್, ದುಡ್ಡು ಕೊಡೋ ಮೊದಲು ಮೀಟರ್ ಹಿಡಿಸಿ ನೋಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಫುಲ್ ಚಾರ್ಜ್, 12ಕ್ಕೆ ಬಂದಿದ್ದರೆ ಬರಿದಾಗಿದೆ ಅಂತ. ಒಮ್ಮೆ ಪೂರ್ತಿ ಚಾರ್ಜ್ ಮಾಡಿಸಿ. ಆಮೇಲೂ ಸೆಲ್ಫ್ (ಎಂಜಿನ್ ಸ್ಟಾರ್ಟ್ ಮಾಡೋ ಮೋಟಾರ್) ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮುಗೀತು. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಬರಬೇಕು. ಬರದಿದ್ದರೆ ಬ್ಯಾಟರಿಗೆ ಚಾರ್ಜ್ ಕೊಡೋ ಡೈನಮೋ (ಆಲ್ಟರ್ನೇಟರ್) ಅಥವಾ ಅದರ ಬೆಲ್ಟ್ ನೋಡಿಸಿ, ಇಲ್ಲದಿದ್ದರೆ ಹೊಸ ಬ್ಯಾಟರಿಯೂ ಅದೇ ದಾರಿ ಹಿಡಿಯುತ್ತೆ.

ನಿಮ್ಮ ಎರಡು ಕಿಲೋಮೀಟರ್ ಓಟದಲ್ಲಿ ಸೆಲ್ಫ್‌ಗೆ ಹೋದ ಕರೆಂಟೂ ವಾಪಸ್ ತುಂಬಲ್ಲ. 45 ಹಾಕಿದರೂ ಇರೋದು ಅದೇ ಡೈನಮೋ, ಅದೇ ಎರಡು ಕಿಲೋಮೀಟರ್. ಭಾನುವಾರ ಗುಬ್ಬಿ ತನಕ ಹೋಗಿ ಬನ್ನಿ, ಮನೆ ಮುಂದೆ ಐದು ನಿಮಿಷ ಆನ್ ಮಾಡಿಟ್ಟರೆ ಸಾಲದು.

ಮುಚ್ಚಳ ಬಿಚ್ಚುವ ಬ್ಯಾಟರಿ ಆದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಕಡೆ ಬೋರ್‌ವೆಲ್ ನೀರು ಹುಯ್ದು ಕೆಡಿಸಿಕೊಂಡು ತರುವವರು ಇನ್ನೂ ಇದ್ದಾರೆ. ಆ ನೀರಿನ ಉಪ್ಪಿಗೆ ಪ್ಲೇಟ್ ಉಳಿಯಲ್ಲ.

ಚಿಕ್ಕಬಳ್ಳಾಪುರದಿಂದ:
ನಮ್ಮ ವ್ಯಾಗನ್‌ಆರ್ ಎರಡು ವರ್ಷದಲ್ಲಿ ಎರಡು ಬ್ಯಾಟರಿ ತಿಂದಿತ್ತು. ಕಂಪನಿ ಸರಿಯಿಲ್ಲ ಅಂತ ಬೈದುಕೊಂಡು ಬದಲಾಯಿಸುತ್ತಲೇ ಇದ್ದೆವು. ಆಮೇಲೆ ಗೊತ್ತಾಗಿದ್ದು, ಹೊರಗಡೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್‌ನ ವೈರ್ ನೇರವಾಗಿ ಬ್ಯಾಟರಿಗೇ ಕೊಟ್ಟಿದ್ದರು. ಕೀ ತೆಗೆದ ಮೇಲೂ 300 ಮಿಲಿಆಂಪ್ ಎಳೀತಿತ್ತು. 50ರೊಳಗೆ ಇರಬೇಕಂತೆ. ಲೆಕ್ಕ ಹಾಕಿ ನೋಡಿ: ದಿನಕ್ಕೆ 7 ಎಎಚ್ ಮೇಲೆ. ಮೂರು ದಿನ ನಿಂತರೆ 35ರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ವೈರ್ ಸರಿ ಮಾಡಿಸಿದ ಮೇಲೆ ಈಗಿನ ಬ್ಯಾಟರಿಗೆ ಮೂರೂವರೆ ವರ್ಷ.

ಅಂಗಡಿಯಲ್ಲಿ ತಯಾರಾದ ತಿಂಗಳು ಕೇಳಿ ತಗೊಳ್ಳಿ. ಆರೇಳು ತಿಂಗಳು ಕಪಾಟಿನಲ್ಲಿ ಕೂತಿದ್ದು ಬೇಡ. 55 ತಿಂಗಳು ವಾರಂಟಿ ಅಂದರೆ ಅಷ್ಟೂ ತಿಂಗಳು ಪುಕ್ಕಟೆ ಬದಲಾಯಿಸಿಕೊಡ್ತಾರೆ ಅಂತಲ್ಲ. ಮೊದಲ ಭಾಗ ಪುಕ್ಕಟೆ, ಉಳಿದ ಅವಧಿಯಲ್ಲಿ ಬೆಲೆಯಲ್ಲಿ ಒಂದಿಷ್ಟು ಕಡಿತ ಅಷ್ಟೇ. ಕಾರ್ಡಿನ ಮೇಲೆ ಗಾಡಿ ನಂಬರ್, ತಾರೀಖು, ಸೀಲ್ ಹಾಕಿಸಿಕೊಂಡೇ ಬನ್ನಿ. ಹಳೇದನ್ನು ಗುಜರಿಗೆ ಹಾಕಬೇಡಿ, ಸೀಸ, ಆಸಿಡ್ ಎರಡೂ ಇರುತ್ತೆ. ಅಂಗಡಿಗೇ ಕೊಟ್ಟರೆ ಬಿಲ್‌ನಲ್ಲಿ ಕಳೀತಾರೆ.

ಕೇಳಿದವನು, ನಾಲ್ಕು ದಿನ ಬಿಟ್ಟು:
ಎಲ್ಲರಿಗೂ ಧನ್ಯವಾದ. ಬೆಳಗ್ಗೆ 11.9 ಇತ್ತು, ಎಂಜಿನ್ ಓಡುವಾಗ 14.2. ಡೈನಮೋ ಚೆನ್ನಾಗಿದೆ. ರಾತ್ರಿಯೆಲ್ಲ ಚಾರ್ಜ್‌ಗೆ ಇಟ್ಟರೂ ಸೆಲ್ಫ್ ಹೊಡೆದಾಗ 8ಕ್ಕೆ ಬಿತ್ತು. ಹಳೇದರ ಮೇಲೆ 38ಬಿ20 ಅಂತಲೇ ಇತ್ತು. ಕೊನೆಯ ಅಕ್ಷರ ಅಳಿಸಿಹೋಗಿತ್ತು, ಹಾಗಾಗಿ ಫೋಟೊ ತೆಗೆದುಕೊಂಡು ಹೋಗಿ ಪ್ಲಸ್ ಇರುವ ಕಡೆ ತೋರಿಸಿದೆ. 35 ಎಎಚ್, ಹೋದ ತಿಂಗಳು ತಯಾರಾಗಿದ್ದು ಸಿಕ್ಕಿತು. ಕೇಬಲ್ ತುದಿಯಲ್ಲಿ ಬೆಳ್ಳಗೆ ಪುಡಿ ಕಟ್ಟಿತ್ತು. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ, ಒರೆಸಿ, ಜೋಡಿಸಿದ ಮೇಲೆ ವ್ಯಾಸಲೀನ್ ಸವರಿದ್ದೇನೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಈ ಭಾನುವಾರ ಗುಬ್ಬಿಗೆ ಹೊರಟಿದ್ದೇವೆ.