ಸಹಾಯ ಬೇಕು: 1945ರ ನಂತರದ ತೈವಾನ್ ಬಗ್ಗೆ ಓದಲು ಏನಿದೆ?

ನಮಸ್ಕಾರ. ನಮ್ಮ ಓದುಗರ ಬಳಗದಲ್ಲಿ ಜಪಾನ್ ಆಳ್ವಿಕೆ ಮುಗಿದ ಮೇಲಿನ ತೈವಾನ್ ಬಗ್ಗೆ ಮಾತಾಡಬೇಕಿದೆ. ಅದಕ್ಕೆ ನಿಮ್ಮ ಸಹಾಯ ಬೇಕು.

1895ರಿಂದ 1945ರವರೆಗೆ ಅಲ್ಲಿ ಜಪಾನ್ ಆಳಿತು. ಒಂದು ತಲೆಮಾರು ಜಪಾನಿ ಭಾಷೆಯಲ್ಲೇ ಶಾಲೆ ಕಲಿತಿತ್ತು. ಆಮೇಲೆ ಚೀನಾದಿಂದ ಬಂದ ಕುವೊಮಿಂಟಾಂಗ್ (ಚೀನಾದ ರಾಷ್ಟ್ರೀಯವಾದಿ ಪಕ್ಷ) ಸರ್ಕಾರ 1946ರ ಅಕ್ಟೋಬರ್‌ನಲ್ಲೇ ಪತ್ರಿಕೆಗಳಲ್ಲಿ ಜಪಾನಿ ಬಳಕೆ ನಿಲ್ಲಿಸಿತು. ಬರೆಯುತ್ತಿದ್ದವರ ಕೈ ಕಟ್ಟಿಹಾಕಿದ ಹಾಗೆ ಅಲ್ವಾ? ಆ ಸರ್ಕಾರದ ವಿರುದ್ಧ 1947ರ ಫೆಬ್ರವರಿ 28ರಂದು ಎದ್ದ ದಂಗೆಯಲ್ಲಂತೂ, ಎದುರಿಗಿರುವವನು ದ್ವೀಪದವನೋ ಚೀನಾದಿಂದ ಈಚೆಗೆ ಬಂದವನೋ ಅಂತ ತಿಳಿಯಲು ಜನ ಜಪಾನಿಯಲ್ಲಿ ಪ್ರಶ್ನೆ ಕೇಳುತ್ತಿದ್ದರು. ಉತ್ತರ ಬಾರದವರಿಗೆ ಏಟು ಬೀಳುತ್ತಿತ್ತು.

ನನ್ನನ್ನು ಜಾಸ್ತಿ ಕಾಡುವುದು ಜಪಾನ್ ಸೇನೆಯಲ್ಲಿದ್ದ, ತೈವಾನಿನ ಮೂಲನಿವಾಸಿ ಅಮಿಸ್ ಬುಡಕಟ್ಟಿನ ಸೈನಿಕ ನಕಮುರಾ ತೆರುವೊ. ಯುದ್ಧ ಮುಗಿದ ಮೇಲೂ ಇಂಡೋನೇಷ್ಯಾದ ಮೊರೊಟಾಯ್ ಕಾಡಿನಲ್ಲೇ ಉಳಿದಿದ್ದ ಆತ ಸಿಕ್ಕಿದ್ದು 1974ರ ಡಿಸೆಂಬರ್‌ನಲ್ಲಿ. ಊರಿಗೆ ಮರಳಿದರೆ ಲೀ ಕುವಾಂಗ್-ಹುಯಿ ಅನ್ನುವ ಚೀನೀ ಹೆಸರು ಕಾಯುತ್ತಿತ್ತು. ಹುಟ್ಟಿದಾಗಿನ ಅಮಿಸ್ ಹೆಸರೇ ಬೇರೆ. ಒಬ್ಬ ಮನುಷ್ಯನಿಗೆ ಮೂರು ಹೆಸರು, ಅದರಲ್ಲಿ ಎರಡು ಆಳುವವರು ಕೊಟ್ಟಿದ್ದು!

ಆ ತಲೆಮಾರಿನವರ ನೆನಪುಗಳು, ಸಂದರ್ಶನಗಳು ಇಂಗ್ಲಿಷ್‌ನಲ್ಲಿ ಎಲ್ಲಿ ಸಿಗುತ್ತವೆ? ಅದರಲ್ಲೂ ಮೂಲನಿವಾಸಿಗಳದ್ದು ಬೇಕು. ತೈಪೆಯಲ್ಲಿರುವ ಕನ್ನಡಿಗರು ಯಾರಾದರೂ 228 (ಆ ದಂಗೆಯ ದಿನ, 2/28) ಸ್ಮಾರಕ ಮ್ಯೂಸಿಯಂ ನೋಡಿದ್ದೀರಾ? ಜಪಾನ್ ಕಾಲದ ರೇಡಿಯೋ ನಿಲಯದ ಕಟ್ಟಡ ಅದು. ದಂಗೆಯ ಸುದ್ದಿ ದ್ವೀಪಕ್ಕೆಲ್ಲ ಹಬ್ಬಿದ್ದೂ ಅಲ್ಲಿಂದಲೇ. ಒಳಗಿನ ಫಲಕಗಳಲ್ಲಿ ಇಂಗ್ಲಿಷ್ ವಿವರಣೆ ಎಷ್ಟಿದೆ, ಫೋಟೋ ತೆಗೆಯಲು ಬಿಡುತ್ತಾರಾ ಅಂತ ದಯವಿಟ್ಟು ತಿಳಿಸಿ. ಈ ವಿಷಯದ ಮೇಲೆ ಕನ್ನಡದಲ್ಲಿ ಲೇಖನ ಬಂದಿದ್ದರೆ ಅದನ್ನೂ ಹೇಳಿ, ತುಂಬಾ ಉಪಕಾರ ಆಗುತ್ತದೆ.