7,500 ಆಗೋತನಕ ಪಿಎಫ್ ಪೆನ್ಷನ್ ಅರ್ಜಿ ತಡೆಯೋದಾ?

ಕಲಬುರಗಿಯಿಂದ: ಅಪ್ಪಾಜಿ ಇಲ್ಲಿಯ ಒಂದು ದಾಲ್ ಮಿಲ್ಲಿನಲ್ಲಿ 11 ವರ್ಷ ತೊಗರಿ ಚೀಲ ಹೊತ್ತವರು. ಹೋದ ತಿಂಗಳು 58 ತುಂಬಿತು, ಕೆಲಸ ಬಿಟ್ಟರು. ಪೆನ್ಷನ್‌ಗೆ ಹಾಕೋಣ ಅಂದ್ರೆ ಆನ್‌ಲೈನ್ ಅಂಗಡಿಯವನು "ದಿಲ್ಲಿಯಲ್ಲಿ ಮಾತುಕತೆ ನಡೀತಿದೆ, ಕನಿಷ್ಠ ಪೆನ್ಷನ್ ತಿಂಗಳಿಗೆ 7,500 ಆದಮೇಲೆ ಹಾಕಿ" ಅಂತಾನೆ. ಅನುಭವ ಇದ್ದವರು ಹೇಳಿ.

ಸೇಡಂನಿಂದ: ಕಾಯಬೇಡ ತಮ್ಮಾ. ನಾನು ಸಿಮೆಂಟ್ ಫ್ಯಾಕ್ಟರಿಯಲ್ಲಿದ್ದವನು, 7,500 ಮತ್ತು ತುಟ್ಟಿಭತ್ಯೆ ಅನ್ನೋ ಬೇಡಿಕೆ ಕೇಳಿ ಕೇಳಿ ಕಿವಿ ತೂತಾಗಿವೆ. ಪಿಎಫ್ ಟ್ರಸ್ಟಿ ಮಂಡಳಿಯಲ್ಲಿ ಸರ್ಕಾರ, ಮಾಲೀಕರು, ಯೂನಿಯನ್ ಮೂವರೂ ಕೂರುತ್ತಾರೆ. ಪೆನ್ಷನ್ ಲೆಕ್ಕಕ್ಕೆ ಹಿಡಿಯೋ ಸಂಬಳದ ಮಿತಿ ಏರಿಸಿದರೆ ಮಾಲೀಕರು ಕಟ್ಟೋ ಶೇ. 8.33 ಪಾಲೂ ಏರುತ್ತೆ, ಸರ್ಕಾರದ ಶೇ. 1.16 ಪಾಲೂ ಏರುತ್ತೆ, ಹಾಗಾಗಿ ಎಳೆದಾಟ ಸುಮ್ನೆ ಮುಗಿಯಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಕನಿಷ್ಠ 1,000 ಮಾಡಿದಾಗ ಮೊದಲೇ ಪೆನ್ಷನ್ ತಗೊಳ್ತಿದ್ದವರಿಗೂ ಸಿಕ್ಕಿತು, ಅಲ್ವಾ? ಮತ್ತೆ ಕಾಯೋದು ಯಾಕೆ?

ಬೀದರ್‌ನಿಂದ: ಲೆಕ್ಕ ಸುಲಭ. ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. ಆದರೆ ಸಂಬಳ ಅಂದ್ರೆ ಕೈಗೆ ಬಂದದ್ದಲ್ಲ, ಪಿಎಫ್ ಕಟ್ಟಿದ ಬೇಸಿಕ್ ಮತ್ತು ತುಟ್ಟಿಭತ್ಯೆ. 11,000 ಇದ್ದರೆ ತಿಂಗಳಿಗೆ ಸುಮಾರು 1,728. ನಮ್ಮ ಕಾಕಾ 16,000 ತಗೊಳ್ತಿದ್ದರು, ಕಾಗದದಲ್ಲಿ 9,000. ಅದು ಗೊತ್ತಾದದ್ದು 58ಕ್ಕೆ.

ಯಾದಗಿರಿಯಿಂದ: ಪೆನ್ಷನ್ ಕೇಳೋ 10ಡಿ ಫಾರ್ಮ್ ಹಾಕೋ ಮೊದಲು ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನ ಹತ್ತಿದೆಯಾ ನೋಡಿ. ನಮ್ಮ ಯಜಮಾನರ ಮಿಲ್ಲಿನವರು ಅದನ್ನೇ ಹಾಕಿರಲಿಲ್ಲ, ನಾಲ್ಕು ಸಲ ಅಲೆದೆ, ಪ್ರತಿ ಸಲ "ಗುಮಾಸ್ತ ಊರಿಗೆ ಹೋಗ್ಯಾನ" ಅಂದರು. ಇನ್ನೊಂದು: ಪೆನ್ಷನ್ ಶುರುವಾದ ಮೇಲೆ ವರ್ಷಕ್ಕೊಮ್ಮೆ ಜೀವನ ಪ್ರಮಾಣ, ಅಂದ್ರೆ ಬದುಕಿದ್ದೀವಿ ಅನ್ನೋ ದಾಖಲೆ ಕೊಡಬೇಕು. ಚೀಲ ಹೊತ್ತು ಹೊತ್ತು ಯಜಮಾನರ ಬೆರಳಿನ ಗೆರೆ ಸವೆದಿದ್ದವು, ಮಷೀನ್ ಒಪ್ಪಲೇ ಇಲ್ಲ. ಕೊನೆಗೆ ಮೊಬೈಲ್ ಆ್ಯಪ್‌ನಲ್ಲಿ ಮುಖ ತೋರಿಸಿ ಆಯ್ತು. ಒಂದೇ ಕಿರಿಕಿರಿ, ಕಣ್ಣು ಮಿಟುಕಿಸು ಅಂದ್ರೆ ಅವರು ನಗುತ್ತಿದ್ದರು.

ಕಲಬುರಗಿಯಿಂದ: ಅಣ್ಣಾ, ಅಕ್ಕಾ, ಥ್ಯಾಂಕ್ಸ್. ಈಗ ನೋಡಿದೆ, ಬಿಟ್ಟ ದಿನ ಇದೆ. ಆದರೆ ಹುಟ್ಟಿದ ದಿನ ಪಿಎಫ್‌ನಲ್ಲಿ ಜೂನ್ 1, ಆಧಾರ್‌ನಲ್ಲಿ ಜನವರಿ 1. ಅಪ್ಪಾಜಿಯನ್ನು ಕೇಳಿದರೆ "ತೊಗರಿ ರಾಶಿ ಟೈಮಿನಾಗ ಹುಟ್ಟೀನಿ" ಅಂತಾರೆ.