1,500 ರೂಪಾಯಿ ದಂಡ ಕಟ್ಟಿ ಮುಗಿಸಿದ ಅಪಘಾತ ಪ್ರಕರಣ: ಈ ದಾಖಲೆಯನ್ನು ಅಳಿಸಲು ದಾರಿಯಿದೆಯೇ?

ಪ್ರಶ್ನೆ (ದಾವಣಗೆರೆಯಿಂದ)

ನನ್ನ ತಮ್ಮ 2021ರಲ್ಲಿ ಬೈಕಿನಲ್ಲಿ ಬರುತ್ತಿದ್ದಾಗ ಪಾದಚಾರಿಯೊಬ್ಬರಿಗೆ ಗಾಡಿ ತಗುಲಿ, ಅವರ ಮೊಣಕೈಗೆ ತರಚಿದ ಗಾಯವಾಯಿತು. ಆಸ್ಪತ್ರೆಯ ಖರ್ಚನ್ನು ನಾವೇ ಕೊಟ್ಟೆವು. ಭಾರತೀಯ ದಂಡ ಸಂಹಿತೆಯ 279 (ಅಜಾಗರೂಕ ಚಾಲನೆ) ಮತ್ತು 337ನೇ (ಅಜಾಗರೂಕತೆಯಿಂದ ಗಾಯ) ಕಲಂಗಳಡಿ ಪ್ರಕರಣ ದಾಖಲಾಯಿತು. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಗುತ್ತಿದ್ದುದರಿಂದ, ತಪ್ಪೊಪ್ಪಿಕೊಂಡರೆ ಇವತ್ತೇ ಮುಗಿಯುತ್ತದೆ ಎಂಬ ಮಾತು ನಂಬಿ ದಂಡ ಕಟ್ಟಿ ಬಂದೆವು. ಈಗ ಅವನ ಹೆಸರು ಸರ್ಕಾರಿ ಹುದ್ದೆಯೊಂದರ ಆಯ್ಕೆ ಪಟ್ಟಿಯಲ್ಲಿದೆ. ಎಂದಾದರೂ ಶಿಕ್ಷೆಯಾಗಿದೆಯೇ ಎಂದು ನಮೂನೆಯಲ್ಲಿ ಕೇಳಿದ್ದಾರೆ. ಹೆಲ್ಮೆಟ್ ಇಲ್ಲದ್ದಕ್ಕೆ ಕಟ್ಟುವ ದಂಡಕ್ಕೂ ಇದಕ್ಕೂ ವ್ಯತ್ಯಾಸವಿದೆ ಎಂಬುದು ನಮಗೆ ಅಂದು ತಿಳಿದಿರಲಿಲ್ಲ. ಈ ದಾಖಲೆಯನ್ನು ಅಳಿಸಲು ಸಾಧ್ಯವೇ?

ಉತ್ತರ 1 (ವಕೀಲ, ಧಾರವಾಡ)

ವ್ಯತ್ಯಾಸ ಬಹಳ ದೊಡ್ಡದು. ಹೆಲ್ಮೆಟ್ಟಿನಂತಹ ಉಲ್ಲಂಘನೆಗೆ ಪೊಲೀಸರ ಬಳಿಯೇ ಕಟ್ಟುವ ಹಣ, ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಪ್ರಕಾರ ರಾಜಿ ಶುಲ್ಕ. ಅದರೊಂದಿಗೆ ಕಾನೂನು ಕ್ರಮ ಅಲ್ಲಿಗೇ ಮುಗಿಯುತ್ತದೆ. ಕುಡಿದು ವಾಹನ ಚಲಾಯಿಸಿದ 185ನೇ ಕಲಮಿನ ಪ್ರಕರಣಕ್ಕೆ ಆ ಸೌಲಭ್ಯವಿಲ್ಲ, ನ್ಯಾಯಾಲಯಕ್ಕೇ ಹೋಗಬೇಕು. ನ್ಯಾಯಾಧೀಶರ ಮುಂದೆ ತಪ್ಪೊಪ್ಪಿಕೊಂಡು ಕಟ್ಟಿದ ದಂಡ, ಮೊತ್ತ ಎಷ್ಟೇ ಚಿಕ್ಕದಿರಲಿ, ಅಪರಾಧ ಸಾಬೀತಾಗಿ ಆದ ಶಿಕ್ಷೆಯೇ.

ವಯಸ್ಕರ ಇಂತಹ ದಾಖಲೆಯನ್ನು ಇಷ್ಟು ವರ್ಷಗಳ ನಂತರ ಅಳಿಸಬೇಕೆನ್ನುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಹದಿನೆಂಟು ತುಂಬದವರಿಗೆ ಮಾತ್ರ ಬಾಲನ್ಯಾಯ ಕಾಯ್ದೆ, 2015ರ 24ನೇ ಕಲಂ ಆ ರಕ್ಷಣೆ ಕೊಟ್ಟಿದೆ. ಘೋರ ಅಪರಾಧಗಳಲ್ಲಿ ಅಲ್ಲಿಯೂ ಆ ರಕ್ಷಣೆ ಸಿಗದಿರಬಹುದು. ಆದರೆ 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯನ್ನು ನಮ್ಮ ಕಕ್ಷಿದಾರರಿಗೆ ನಾವು ಹೇಳಿಕೊಡುವುದೇ ಕಡಿಮೆ, ಇದು ನನ್ನ ವೃತ್ತಿಬಾಂಧವರ ಬಗೆಗಿನ ನೋವು. ಎರಡು ವರ್ಷಕ್ಕೆ ಮೀರದ ಶಿಕ್ಷೆಯ ಅಪರಾಧದಲ್ಲಿ, ಹಿಂದೆ ಶಿಕ್ಷೆಯಾಗದವರನ್ನು ಬರಿಯ ಎಚ್ಚರಿಕೆ ನೀಡಿ ಬಿಡಲು 3ನೇ ಕಲಂ ಅವಕಾಶ ಕೊಡುತ್ತದೆ; ಹಾಗೆ ಬಿಡುಗಡೆಯಾದವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟದು ಎಂದು 12ನೇ ಕಲಂ ಹೇಳುತ್ತದೆ. ಅದು ಅಪರಾಧ ಸಾಬೀತಾದ ಸಂಗತಿಯನ್ನೇ ಅಳಿಸದು, ನಿಜ. ಆದರೂ ತಪ್ಪೊಪ್ಪಿಕೊಳ್ಳುವ ದಿನ ಒಂದು ಅರ್ಜಿ ಹಾಕಿದ್ದರೆ ಇಂದಿನ ಸ್ಥಿತಿ ಬೇರೆಯಿರುತ್ತಿತ್ತು. ಮೇಲ್ಮನವಿಯಲ್ಲೂ ಈ ಆದೇಶ ಕೇಳಬಹುದು. ಅವಧಿ ಮೀರಿರುವುದರಿಂದ ವಿಳಂಬ ಮನ್ನಾ ಮಾಡುವಂತೆ ಕೋರಬೇಕಾಗುತ್ತದೆ.

ನಮೂನೆಯಲ್ಲಿ ಮಾತ್ರ ಸತ್ಯವನ್ನೇ ಬರೆಯಿಸಿ. ಅವತಾರ್ ಸಿಂಗ್ ಪ್ರಕರಣದಲ್ಲಿ (2016) ಸುಪ್ರೀಂ ಕೋರ್ಟ್, ಕ್ಷುಲ್ಲಕ ಪ್ರಕರಣವನ್ನು ಅಭ್ಯರ್ಥಿ ಮುಚ್ಚಿಟ್ಟಿದ್ದರೂ ಅದನ್ನು ಕಡೆಗಣಿಸುವ ವಿವೇಚನೆ ನೇಮಕಾಧಿಕಾರಿಗೆ ಇದೆ ಎಂದಿತು. ಸತ್ಯ ಹೇಳಿದವರನ್ನೂ ಪರಿಶೀಲಿಸಿ ನಿರಾಕರಿಸುವ ಅಧಿಕಾರವನ್ನೂ ಉಳಿಸಿತು. ಪ್ರಕರಣದ ಸ್ವರೂಪವನ್ನು ವಿವರಿಸುವ ಪತ್ರವೊಂದನ್ನು ಜೊತೆಗಿಡಿ.

ಉತ್ತರ 2 (ಬ್ರಿಟನ್‌ನಲ್ಲಿರುವ ಕನ್ನಡಿಗ)

ಇಲ್ಲಿ 1974ರಿಂದಲೇ ಅಪರಾಧಿಗಳ ಪುನರ್ವಸತಿ ಕಾಯ್ದೆ ಇದೆ. ವಯಸ್ಕರಿಗೆ ವಿಧಿಸಿದ ದಂಡ, ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ, ಒಂದು ವರ್ಷದ ನಂತರ ತೀರಿಹೋದ ಶಿಕ್ಷೆ. ಬಹುಪಾಲು ಉದ್ಯೋಗಗಳಿಗೆ ಅದನ್ನು ಹೇಳಬೇಕಾಗಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯವು 2018ರಲ್ಲಿ ಇನ್ನೂ ಮುಂದೆ ಹೋಗಿ, ಯಾರೂ ಅರ್ಜಿ ಹಾಕದೆಯೇ ಅನೇಕ ಹಳೆಯ ಸಣ್ಣ ದಾಖಲೆಗಳನ್ನು ಸಾರ್ವಜನಿಕರ ಕಣ್ಣಿಗೆ ಬೀಳದಂತೆ ಮುಚ್ಚುವ ಕಾನೂನು ತಂದಿತು. ಅರ್ಜಿ, ವಕೀಲರ ಶುಲ್ಕ, ಅಲೆದಾಟ ಇವೆಲ್ಲ ಬಡವರನ್ನೇ ಹಿಂದೆ ಉಳಿಸುತ್ತವೆಯಾದ್ದರಿಂದ ಇದೇ ನ್ಯಾಯವಾದ ದಾರಿ ಎಂದು ನನ್ನ ಅಭಿಪ್ರಾಯ.

ಉತ್ತರ 3 (ಶಿವಮೊಗ್ಗದಿಂದ)

ನಾನು ಒಪ್ಪಲಾರೆ. ನನ್ನ ಭಾವ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಗುದ್ದಿದ ಚಾಲಕನ ಮೇಲೆ ಅದಕ್ಕೂ ಮೊದಲು ಇದೇ 279ನೇ ಕಲಮಿನ ಪ್ರಕರಣವಿತ್ತು. ಕಚೇರಿಯ ಗುಮಾಸ್ತರ ಹುದ್ದೆಗೆ ಹಳೆಯ ಅಪಘಾತ ಅಡ್ಡಿಯಾಗಬಾರದು ಎಂಬುದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಬಸ್ಸು, ಲಾರಿಯ ಪರವಾನಗಿ ಕೊಡುವವರ ಕಣ್ಣಿಂದ ಆ ದಾಖಲೆ ಮರೆಯಾಗಬಾರದು.

ಉತ್ತರ 4 (ಧಾರವಾಡದ ವಕೀಲರೇ)

ಶಿವಮೊಗ್ಗದವರ ಮಾತು ನ್ಯಾಯವಾದುದು. ಯಾವ ದಾಖಲೆ ಯಾರಿಗೆ ಕಾಣಬೇಕೆಂಬುದನ್ನು ಕಾನೂನೇ ಬೇರ್ಪಡಿಸಬೇಕು. ದಾವಣಗೆರೆಯವರು ಕೂಡಲೇ ತೀರ್ಪು ಮತ್ತು ಆದೇಶ ಹಾಳೆಯ ದೃಢೀಕೃತ ನಕಲು ಪಡೆಯಿರಿ. ತಪ್ಪೊಪ್ಪಿಗೆಯನ್ನು ಸಾಧ್ಯವಾದಷ್ಟೂ ಆರೋಪಿಯದೇ ಮಾತುಗಳಲ್ಲಿ ದಾಖಲಿಸಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 252ನೇ ಕಲಂ ಹೇಳುತ್ತಿತ್ತು. ನಿಮ್ಮ ತಮ್ಮನ ಮಾತಿನ ಬದಲು ಮುದ್ರಿತ ಸಾಲೊಂದೇ ಅಲ್ಲಿದ್ದರೆ, ಸೆಷನ್ಸ್ ನ್ಯಾಯಾಲಯದಲ್ಲಿ ಪ್ರಶ್ನಿಸಲು ಅದು ಆಧಾರವಾಗಬಹುದು. ಮೊದಲು ಆ ಪುಟ ನೋಡಿ.